ನಾಸಿರ್ ಜಂಗ್‌ನ ಹತ್ಯೆ ಮತ್ತು ಆಸಫ್‌ಜಾಹಿ ಗಾದಿಯ ಕಲಹ (1748–1763)

ಹೈದರಾಬಾದಿನ ನಿಜಾಮರು ಏಳು ಮಂದಿ ಎಂಬುದು ರೂಢಿಯ ಲೆಕ್ಕ. ಮನೆತನದ ಮೂಲಪುರುಷ ನಿಜಾಮ್-ಉಲ್-ಮುಲ್ಕ್ ಒಂದನೆಯ ಆಸಫ್ ಜಾ. ಎರಡನೆಯ ಆಸಫ್ ಜಾ ಎಂದು ಎಣಿಕೆಗೆ ಬರುವವನು ಅವನ ನಾಲ್ಕನೆಯ ಮಗ ನಿಜಾಮ್ ಅಲಿ ಖಾನ್. ಇವರಿಬ್ಬರ ನಡುವೆ ದಖನ್ನಿನ ಗಾದಿಯ ಮೇಲೆ ಕುಳಿತಿದ್ದ ಮೂವರು ಆ ಲೆಕ್ಕದಲ್ಲಿ ಇಲ್ಲ. ನಾಸಿರ್ ಜಂಗ್ ತನ್ನದೇ ಪಾಳೆಯದ ಸಾಮಂತನ ಗುಂಡಿಗೆ ಬಿದ್ದ. ಮುಜಫ್ಫರ್ ಜಂಗ್ ಎರಡೇ ತಿಂಗಳಲ್ಲಿ ಈಟಿಯ ತಿವಿತಕ್ಕೆ ಸತ್ತ. ಹನ್ನೊಂದು ವರ್ಷ ಆಳಿದ ಸಲಾಬತ್ ಜಂಗ್ ಬೀದರ್ ಕೋಟೆಯ ಸೆರೆಯಲ್ಲಿ ಕೊನೆಗೊಂಡ. ನಾಲ್ಕನೆಯವನಾಗಿ ಗಾದಿಗೆ ಬರಬಹುದಾಗಿದ್ದ ಹಿರಿಯ ಮಗ ಘಾಜಿಯುದ್ದೀನ್ ಖಾನ್ ಅದರ ಹತ್ತಿರ ಬಂದ ಕೆಲವೇ ವಾರಗಳಲ್ಲಿ ವಿಷಕ್ಕೆ ಬಲಿಯಾದ. 1748ರಿಂದ 1763ರವರೆಗಿನ ಈ ಹದಿನೈದು ವರ್ಷಗಳಲ್ಲಿ ದಖನ್ನಿನ ಚಾಕರಿಯ ಸೈನಿಕರು, ಕರ್ನೂಲು, ಕಡಪ, ಸವಣೂರುಗಳ ಪಠಾಣ ನವಾಬರು, ಪುಣೆಯ ಪೇಶ್ವೆ, ಪುದುಚೇರಿಯ ಫ್ರೆಂಚರು, ಮದರಾಸಿನ ಇಂಗ್ಲಿಷರು ಎಲ್ಲರೂ ಒಂದೊಂದು ಸಲ ರಾಜನನ್ನು ಮಾಡುವವರಾದರು. ಅವರಲ್ಲಿ ಕೊನೆಗೆ ಉಳಿದುಕೊಂಡವರು ಇಂಗ್ಲಿಷರು.

ಹುಸೇನ್ ಸಾಗರದ ಪಶ್ಚಿಮಕ್ಕೆ ಸನತ್‌ನಗರದ ಕಾರ್ಖಾನೆಗಳನ್ನೂ ದಾಟಿ ಬೆಳೆದಿರುವ ಇಂದಿನ ಮಹಾನಗರವನ್ನು ನೋಡಿದವರಿಗೆ ಆಸಫ್‌ಜಾಹಿಗಳ ರಾಜಧಾನಿ ಮೊದಲಿನಿಂದಲೂ ಹೈದರಾಬಾದೇ ಎನ್ನಿಸುವುದು ಸಹಜ. ಆದರೆ 1748ರಲ್ಲಿ ಅಧಿಕಾರದ ಕೇಂದ್ರವಾಗಿದ್ದದ್ದು ಔರಂಗಾಬಾದು. ಗೋಲ್ಕೊಂಡದ ಕುತುಬ್‌ಶಾಹಿಗಳಿಂದ ಮೊಗಲರ ಕೈಸೇರಿದ್ದ ಹೈದರಾಬಾದು ದಖನ್ನಿನ ಆರು ಸುಬಾಗಳಲ್ಲಿ ಒಂದರ ಮುಖ್ಯಪಟ್ಟಣ ಮಾತ್ರ. ಉಳಿದ ಐದು ಔರಂಗಾಬಾದ್, ಬೀರಾರ್, ಖಾಂದೇಶ, ಬೀದರ್ ಮತ್ತು ಬಿಜಾಪುರ. ಕೊನೆಯ ಎರಡು ಬಹುಮಟ್ಟಿಗೆ ಕನ್ನಡನಾಡು. ಆದ್ದರಿಂದ ಈ ಕಲಹದ ಅನೇಕ ಘಟ್ಟಗಳು ಭಾಲ್ಕಿ, ಬೀದರ್, ಸವಣೂರುಗಳಲ್ಲಿ ನಡೆದದ್ದು ಆಕಸ್ಮಿಕವಲ್ಲ.

ಗಾದಿಗೆ ಹಕ್ಕುದಾರ ಯಾರು?

ಮೀರ್ ಕಮರುದ್ದೀನ್ ಖಾನ್ (1671–1748) ಔರಂಗಜೇಬನ ಕಾಲದ ಸರದಾರ. 1724ರ ಅಕ್ಟೋಬರಿನಲ್ಲಿ ಶಕ್ಕರ್‌ಖೇಡದಲ್ಲಿ ಮುಬಾರಿಜ್ ಖಾನನನ್ನು ಸೋಲಿಸಿ ದಖನ್ನನ್ನು ಕೈವಶ ಮಾಡಿಕೊಂಡ. ಅಲ್ಲಿಂದ ಮುಂದೆ ಅವನು ಸ್ವತಂತ್ರನಂತೆಯೇ ನಡೆದುಕೊಂಡರೂ ತಾನು ಅರಸನೆಂದು ಎಂದೂ ಸಾರಲಿಲ್ಲ. ನಾಣ್ಯದ ಮೇಲೂ ಶುಕ್ರವಾರದ ಖುತ್ಬಾದಲ್ಲೂ ಇದ್ದದ್ದು ದೆಹಲಿಯ ಬಾದಶಹನ ಹೆಸರೇ. ಕಾಗದದಲ್ಲಿ ಅವನು ಸುಬೇದಾರ, ಅಂದರೆ ನೇಮಕಗೊಂಡ ಅಧಿಕಾರಿ.

ಕಲಹದ ಬೇರು ಇರುವುದು ಇಲ್ಲಿಯೇ. ನೇಮಕದ ಹುದ್ದೆಗೆ ವಾರಸುದಾರಿಕೆ ಇಲ್ಲ. ತಂದೆ ಸತ್ತರೆ ಮಗನಿಗೆ ಆ ಹುದ್ದೆ ತಾನಾಗಿ ಬರುವುದಿಲ್ಲ, ಬಾದಶಹನ ಫರ್ಮಾನು ಬೇಕು. ಆದರೆ ಫರ್ಮಾನು ಬರೆಯುವ ಬಾದಶಹನಿಗೆ ಅದನ್ನು ಜಾರಿಮಾಡುವ ಶಕ್ತಿ ಉಳಿದಿರಲಿಲ್ಲ. ಹಣ ಕೊಟ್ಟವರಿಗೆಲ್ಲ ಫರ್ಮಾನು ಸಿಗುತ್ತಿತ್ತು, ಕೆಲವು ಸಲ ಇಬ್ಬರಿಗೂ ಸಿಗುತ್ತಿತ್ತು. ಸಿಗದಿದ್ದರೆ ನಕಲಿಯೂ ಸಾಕಾಗುತ್ತಿತ್ತು. ಹೀಗಾಗಿ ಮೊದಲ ದಿನ ಖಜಾನೆ ಯಾರ ಕೈಯಲ್ಲಿದೆ, ಸೈನಿಕರ ಬಾಕಿ ಸಂಬಳ ಯಾರು ತೀರಿಸುತ್ತಾರೆ ಎಂಬುದೇ ನ್ಯಾಯ ತೀರ್ಮಾನವಾಗಿತ್ತು.

ಆಸಫ್ ಜಾನಿಗೆ ಆರು ಗಂಡುಮಕ್ಕಳು. ಹಿರಿಯ ಘಾಜಿಯುದ್ದೀನ್ ಖಾನ್ ಫಿರೋಜ್ ಜಂಗ್ ದೆಹಲಿಯ ದರ್ಬಾರಿನಲ್ಲಿದ್ದ. ಎರಡನೆಯವನು ನಾಸಿರ್ ಜಂಗ್. ಆಮೇಲಿನವರು ಸಲಾಬತ್ ಜಂಗ್, ನಿಜಾಮ್ ಅಲಿ, ಬಸಾಲತ್ ಜಂಗ್ ಮತ್ತು ಮೊಗಲ್ ಅಲಿ. ಇವರಲ್ಲದೆ ಮಗಳ ಮಗ ಹಿದಾಯತ್ ಮೊಹಿಯುದ್ದೀನ್ ಖಾನ್ ಇದ್ದ. ಬಿಜಾಪುರ ಸುಬಾದ ಆಡಳಿತ ನೋಡಿಕೊಳ್ಳುತ್ತಿದ್ದ ಇವನೇ ಮುಜಫ್ಫರ್ ಜಂಗ್. ಅಜ್ಜ ತನ್ನನ್ನೇ ಉತ್ತರಾಧಿಕಾರಿ ಎಂದು ಹೆಸರಿಸಿದ್ದ, ಬಾದಶಹನ ಒಪ್ಪಿಗೆಯೂ ತನಗಿದೆ ಎಂಬುದು ಇವನ ವಾದ.

ನಾಸಿರ್ ಜಂಗ್ ಫಾರಸಿಯಲ್ಲಿ ಕಾವ್ಯ ಬರೆಯುತ್ತಿದ್ದ, ವಿದ್ವಾಂಸ ಗುಲಾಮ್ ಅಲಿ ಆಜಾದ್ ಬಿಲ್‌ಗ್ರಾಮಿಯ ಒಡನಾಡಿ. ತಂದೆ ದೆಹಲಿಯಲ್ಲಿದ್ದಾಗ ದಖನ್ನಿನ ಉಸ್ತುವಾರಿ ಹೊತ್ತವನು, ತಂದೆ ಮರಳಿದಾಗ ಅದನ್ನು ಬಿಟ್ಟುಕೊಡಲು ಒಪ್ಪದೆ 1741ರಲ್ಲಿ ಔರಂಗಾಬಾದಿನ ಬಳಿ ತಂದೆಯ ಮೇಲೆಯೇ ಕತ್ತಿಯೆತ್ತಿದ. ಸೋತು ಕಂಧಾರ್ ಕೋಟೆಯಲ್ಲಿ ಸೆರೆಯಲ್ಲಿದ್ದು, ಆಮೇಲೆ ಕ್ಷಮೆ ಪಡೆದ. 1748ರ ಜೂನ್ 1ರಂದು ಬುರ್ಹಾನ್‌ಪುರದಲ್ಲಿ ಆಸಫ್ ಜಾ ಕಣ್ಣುಮುಚ್ಚಿದಾಗ ಪಕ್ಕದಲ್ಲಿದ್ದವನು ಇವನೇ. ಸೈನ್ಯವೂ ಖಜಾನೆಯೂ ಅದೇ ಪಾಳೆಯದಲ್ಲಿದ್ದವು. ಉಳಿದ ವಾದಗಳಿಗೆ ಅಲ್ಲಿ ಜಾಗವಿರಲಿಲ್ಲ.

ಕರ್ನಾಟಕ ಪಾಯಿನ್‌ಘಾಟ್: ಎರಡು ಕಲಹಗಳ ಕೂಡುವಿಕೆ

ಖಜಾನೆ ಇಲ್ಲದ ಮುಜಫ್ಫರ್ ಜಂಗ್‌ಗೆ ಜೊತೆಗಾರನಾಗಿ ಸಿಕ್ಕವನು ಚಂದಾ ಸಾಹೇಬ. ಆರ್ಕಾಟಿನ ಹಳೆಯ ನವಾಬ ಮನೆತನದ ಅಳಿಯನಾದ ಇವನು ಸಾತಾರಾದಲ್ಲಿ ಮರಾಠರ ಸೆರೆಯಲ್ಲಿದ್ದು 1748ರಲ್ಲಿ ಬಿಡುಗಡೆಯಾದ. ದಕ್ಷಿಣಕ್ಕೆ ಬರುವ ದಾರಿಯಲ್ಲಿ ಚಿತ್ರದುರ್ಗದ ನಾಯಕರ ಪರವಾಗಿ ಬಿದನೂರಿನ ಮೇಲೆ ಕಾದಿದ. ಆ ವರ್ಷದ ಮಾಯಕೊಂಡದ ಕದನದಲ್ಲಿ ದುರ್ಗದ ಮದಕರಿನಾಯಕ ಮಡಿದ, ಚಂದಾ ಸಾಹೇಬನ ಮಗನೂ ಸತ್ತ, ಚಂದಾ ಸಾಹೇಬ ಮತ್ತೆ ಸೆರೆಸಿಕ್ಕ. ಬಿದನೂರು ಸೈನ್ಯದ ಮುಸಲ್ಮಾನ ಸರದಾರರನ್ನು ಒಲಿಸಿಕೊಂಡು ಹೊರಬಿದ್ದು ಮುಜಫ್ಫರ್ ಜಂಗ್‌ನ ಜೊತೆ ಸೇರಿದ. ಒಬ್ಬನಿಗೆ ದಖನ್, ಇನ್ನೊಬ್ಬನಿಗೆ ಆರ್ಕಾಟು ಎಂದು ಮಾತಾಯಿತು. ಪುದುಚೇರಿಯ ಫ್ರೆಂಚ್ ಗವರ್ನರ್ ಡ್ಯೂಪ್ಲೆ ತನ್ನ ಪಡೆಯನ್ನು ಕೊಟ್ಟ.

1749ರ ಆಗಸ್ಟ್ 3ರಂದು ಅಂಬೂರಿನಲ್ಲಿ ಆರ್ಕಾಟಿನ ನವಾಬ ಅನ್ವರುದ್ದೀನ್ ಯುದ್ಧದಲ್ಲಿ ಸತ್ತ. ಅವನ ಮಗ ಮಹಮ್ಮದ್ ಅಲಿ ತಿರುಚಿನಾಪಳ್ಳಿಗೆ ಓಡಿಹೋಗಿ ನಾಸಿರ್ ಜಂಗ್‌ನ ನೆರವು ಕೇಳಿದ. ಇಂಗ್ಲಿಷರು ಅವನ ಬೆನ್ನಿಗೆ ನಿಂತರು. (ಇಂಗ್ಲಿಷರು 1752ರವರೆಗೆ ಹಳೆಯ ಪಂಚಾಂಗವನ್ನೇ ಬಳಸುತ್ತಿದ್ದುದರಿಂದ ಅವರ ಪುಸ್ತಕಗಳಲ್ಲಿ ಈ ಕಾಲದ ತಾರೀಖುಗಳು ಹನ್ನೊಂದು ದಿನ ಹಿಂದೆ ಬರುತ್ತವೆ.)

1750ರ ಆರಂಭದಲ್ಲಿ ನಾಸಿರ್ ಜಂಗ್ ಕರ್ನಾಟಕ ಪಾಯಿನ್‌ಘಾಟಿಗೆ, ಅಂದರೆ ಘಟ್ಟದ ಕೆಳಗಿನ ಆರ್ಕಾಟಿನ ಸೀಮೆಗೆ, ಇಳಿದ. ಅವನ ಪಾಳೆಯದಲ್ಲಿ ಮೂರು ಲಕ್ಷ ಜನ ಇದ್ದರೆಂದು ಇಂಗ್ಲಿಷ್ ಇತಿಹಾಸಕಾರ ರಾಬರ್ಟ್ ಓರ್ಮ್ ಬರೆದಿದ್ದಾನೆ. ಆ ಕಾಲದ ಪಾಳೆಯವೆಂದರೆ ಬಜಾರು, ಜನಾನಾ, ಎತ್ತಿನ ಹಿಂಡುಗಳ ಸಮೇತ ನಡೆದಾಡುವ ಊರು. ಅದರಲ್ಲಿ ಕಾದುವವರು ಎಷ್ಟು ಎಂಬುದು ಬೇರೆ ಮಾತು. ಮರಾಠಾ ಸರದಾರರು, ಪಠಾಣ ನವಾಬರು, ಮೈಸೂರಿನ ದಳವಾಯಿ ಕಳಿಸಿದ ತುಕಡಿ ಎಲ್ಲವೂ ಅದರಲ್ಲಿದ್ದವು. ಸ್ಟ್ರಿಂಜರ್ ಲಾರೆನ್ಸ್‌ನ ಇಂಗ್ಲಿಷ್ ತುಕಡಿಯೂ ಬಂದು ಸೇರಿತು. ಎದುರು ಪಾಳೆಯದಲ್ಲಿ ಫ್ರೆಂಚ್ ಅಧಿಕಾರಿಗಳು ಹಣದ ಜಗಳಕ್ಕೆ ರಾಜೀನಾಮೆ ಕೊಟ್ಟು ಪಡೆ ಹಿಂದೆ ಸರಿದಾಗ ಮುಜಫ್ಫರ್ ಜಂಗ್‌ಗೆ ದಾರಿ ಉಳಿಯಲಿಲ್ಲ. ಅಭಯದ ಮಾತು ಪಡೆದು ಸೋದರಮಾವನಿಗೆ ಶರಣಾದ. ಬಂದ ಕೂಡಲೇ ಅವನ ಕಾಲಿಗೆ ಬೇಡಿ ಬಿತ್ತು. ಕೊಟ್ಟ ಮಾತು ಮುರಿದದ್ದನ್ನು ಪಠಾಣ ನವಾಬರು ತಮ್ಮ ಮುಂದಿನ ನಡೆಗೆ ಕಾರಣವಾಗಿ ಹೇಳಿಕೊಂಡರು. ಅವರಿಗೆ ಇನ್ನೂ ಹತ್ತಿರದ ಕಾರಣ ಬಾಕಿ ಉಳಿದಿದ್ದ ಪೇಶ್ಕಷ್, ಅಂದರೆ ಕಪ್ಪ.

1750ರ ಡಿಸೆಂಬರ್ 16

ನಾಸಿರ್ ಜಂಗ್ ಗೆದ್ದ ಮೇಲೆ ಆರ್ಕಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ. ಬೇಟೆ, ಅಂತಃಪುರ, ಕಾವ್ಯ ಎಂದು ಕಾಲ ಕಳೆದ ಎಂಬುದು ಇಂಗ್ಲಿಷ್ ಮತ್ತು ಫ್ರೆಂಚ್ ಬರಹಗಾರರ ದೂರು. ಅವನನ್ನು ಮಣಿಸಲು ಹವಣಿಸಿದವರ ಮಾತಾದ್ದರಿಂದ ಅದನ್ನು ಅರ್ಧಕ್ಕೆ ನಂಬಿದರೆ ಸಾಕು. ಆದರೆ ಸೆಪ್ಟೆಂಬರಿನಲ್ಲಿ ಬುಸ್ಸಿ ಎಂಬ ಫ್ರೆಂಚ್ ಅಧಿಕಾರಿ ಅಭೇದ್ಯವೆನಿಸಿದ್ದ ಜಿಂಜಿ ಕೋಟೆಯನ್ನು ಒಂದೇ ರಾತ್ರಿಯಲ್ಲಿ ಹಿಡಿದಾಗ ಅವನು ಎಚ್ಚೆತ್ತದ್ದು ನಿಜ. ಮಳೆಗಾಲದಲ್ಲೇ ಹೊರಟ ಭಾರಿ ಪಾಳೆಯ ಜಿಂಜಿಯ ಹತ್ತಿರ ಉಕ್ಕಿದ ಹೊಳೆಗಳ ನಡುವೆ ಸಿಕ್ಕಿಕೊಂಡಿತು. ಧಾನ್ಯ ಸಾಗಲಿಲ್ಲ, ರೋಗ ಹಬ್ಬಿತು, ಸೈನಿಕರು ಗೊಣಗತೊಡಗಿದರು.

ಡ್ಯೂಪ್ಲೆ ಈ ಹೊತ್ತಿಗೆ ಕಡಪ, ಕರ್ನೂಲು, ಸವಣೂರುಗಳ ನವಾಬರ ಜೊತೆ ಗುಟ್ಟಾಗಿ ಪತ್ರವ್ಯವಹಾರ ನಡೆಸುತ್ತಿದ್ದ. ನಾಸಿರ್ ಜಂಗ್‌ನ ಕಚೇರಿಯಲ್ಲೇ ಇದ್ದ ರಾಮದಾಸ ಪಂಡಿತ ಎಂಬ ಶ್ರೀಕಾಕುಳದ ಕಡೆಯ ಬ್ರಾಹ್ಮಣ ಅದಕ್ಕೆ ಒಳಗಿನ ಕೊಂಡಿ. ಪುದುಚೇರಿಯಲ್ಲಿ ಡ್ಯೂಪ್ಲೆಯ ದುಬಾಷಿಯಾಗಿದ್ದ ಆನಂದರಂಗ ಪಿಳ್ಳೆ ತಮಿಳಿನಲ್ಲಿ ಬರೆದಿಟ್ಟ ದಿನಚರಿಯಲ್ಲಿ ಈ ಕಾಲದ ದರ್ಬಾರಿ ಓಡಾಟಗಳು ದಿನದಿನದ ಲೆಕ್ಕದಂತೆ ಸಿಗುತ್ತವೆ. ಡ್ಯೂಪ್ಲೆ ಒಂದು ಕಡೆ ಸಂಚು ಹೂಡುತ್ತ ಇನ್ನೊಂದು ಕಡೆ ಸಂಧಿಯ ಮಾತನ್ನೂ ನಡೆಸಿದ್ದ. ಕೊನೆಗೆ ನಾಸಿರ್ ಜಂಗ್ ಫ್ರೆಂಚರ ಷರತ್ತುಗಳಿಗೆ ಒಪ್ಪಿ ರುಜು ಹಾಕಿ ಕಳಿಸಿದ. ಅಷ್ಟರಲ್ಲಿ ಜಿಂಜಿಯಲ್ಲಿದ್ದ ಫ್ರೆಂಚ್ ದಳಪತಿ ದೆ ಲಾ ತೂಶ್‌ಗೆ ಸಂಚುಗಾರರ ಸಂಕೇತ ಮುಟ್ಟಿ ಅವನು ಹೊರಟಾಗಿತ್ತು. ದಾಳಿ ನಿಲ್ಲಿಸುವ ಆದೇಶ ಅವನನ್ನು ತಲುಪಲಿಲ್ಲ ಎನ್ನುತ್ತಾನೆ ಓರ್ಮ್.

ಸುಮಾರು ಎಂಟುನೂರು ಐರೋಪ್ಯರು, ಮೂರು ಸಾವಿರ ಸಿಪಾಯಿಗಳು, ಹತ್ತು ತೋಪುಗಳು ರಾತ್ರಿಯಿಡೀ ನಡೆದು ಡಿಸೆಂಬರ್ 16ರ ನಸುಕಿಗೆ ಮುನ್ನ ಪಾಳೆಯದ ಅಂಚನ್ನು ಮುಟ್ಟಿದವು. ಪಾಳೆಯ ಹತ್ತಾರು ಮೈಲಿ ಹರಡಿಕೊಂಡಿದ್ದರಿಂದ ಗುಂಡಿನ ಸದ್ದು ಕೇಳಿದರೂ ಒಂದು ಕಡೆಯವರಿಗೆ ಇನ್ನೊಂದು ಕಡೆಯ ಸುದ್ದಿಯಿಲ್ಲ. ರುಜು ಹಾಕಿದ ಸಂಧಿಯ ಮಸಿ ಆರುವ ಮೊದಲೇ ಫ್ರೆಂಚರು ಬಂದಿದ್ದಾರೆಂದು ನಾಸಿರ್ ಜಂಗ್ ನಂಬಲಿಲ್ಲ. ಯಾರೋ ಕುಡಿದವರ ಹುಚ್ಚಾಟ ಎಂದ. ಆಮೇಲೆ ಪಠಾಣ ನವಾಬರ ಪಡೆಗಳು ಸಾಲುಗಟ್ಟಿ ನಿಂತಿದ್ದರೂ ಕೈಯೆತ್ತುತ್ತಿಲ್ಲ ಎಂಬ ವರದಿ ಬಂತು. ಆನೆಯೇರಿ ತಾನೇ ಅವರತ್ತ ನಡೆದ. ನಸುಗತ್ತಲು. ಮೊದಲು ಎದುರಾದದ್ದು ಕಡಪದ ನವಾಬನ ಆನೆ. ನಾಸಿರ್ ಜಂಗ್ ಸಲಾಮು ಮಾಡಿದ, ಮರುಸಲಾಮು ಬರಲಿಲ್ಲ. ಕತ್ತಲಲ್ಲಿ ತನ್ನ ಗುರುತು ಹತ್ತಲಿಲ್ಲವೇನೋ ಎಂದು ಅಂಬಾರಿಯಲ್ಲಿ ಎದ್ದುನಿಂತು ಮುಖ ತೋರಿಸಿದ. ಆ ಕಡೆಯ ಅಂಬಾರಿಯಿಂದ ಹಾರಿದ ಗುಂಡು ಎದೆಗೆ ತಗಲಿ ಅಲ್ಲೇ ಬಿದ್ದ. ತಲೆ ಕಡಿದು ಕೋಲಿಗೆ ಸಿಕ್ಕಿಸಿ ಪಾಳೆಯದಲ್ಲಿ ತೋರಿಸಿದರು. ಅದನ್ನು ಕಂಡ ಮೇಲೆ ಕಾದಲು ಯಾರಿಗೂ ಕಾರಣ ಉಳಿಯಲಿಲ್ಲ. ಬೇಡಿಯಲ್ಲಿದ್ದ ಮುಜಫ್ಫರ್ ಜಂಗ್‌ನ ಬೇಡಿ ಕಳಚಿ ಆನೆಯ ಮೇಲೆ ಕೂರಿಸಿದರು. ಬೆಳಕು ಹರಿಯುವಾಗ ದಖನ್ನಿಗೆ ಹೊಸ ಸುಬೇದಾರ ಬಂದಿದ್ದ.

ನಾಸಿರ್ ಜಂಗ್‌ನ ದೇಹವನ್ನು ಖುಲ್ದಾಬಾದಿಗೆ ಒಯ್ದು ತಂದೆಯ ಸಮಾಧಿಯ ಬಳಿ ಮಣ್ಣುಮಾಡಿದರು.

ಆ ಬೆಳಗಿನ ಗೊಂದಲದಲ್ಲಿ ಮೈಸೂರಿನ ಪಾಲೂ ಇದೆ. ಹಿಂದಿನ ವರ್ಷ ದೇವನಹಳ್ಳಿಯ ಮುತ್ತಿಗೆಯಲ್ಲಿ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದಿದ್ದ ಹೈದರ್ ಎಂಬ ತರುಣ ಸರದಾರ ಮೈಸೂರಿನ ತುಕಡಿಯೊಡನೆ ಇಲ್ಲಿಗೆ ಬಂದಿದ್ದ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುವಂತೆ, ನಾಸಿರ್ ಜಂಗ್ ಬಿದ್ದ ಸುದ್ದಿಗೆ ಖಜಾನೆಯ ಒಂಟೆಗಳು ದಿಕ್ಕುಗೆಟ್ಟಾಗ ಹೈದರನ ಬೇಡ ಪಡೆಯವರು ಚಿನ್ನದ ನಾಣ್ಯ ಹೊತ್ತ ಎರಡು ಒಂಟೆಗಳನ್ನು ದೇವನಹಳ್ಳಿಗೆ ದಾಟಿಸಿದರು. ಕುದುರೆಗಳೂ ಬಂದೂಕುಗಳೂ ಕೈಗೆ ಬಂದವು. ಹತ್ತು ವರ್ಷದ ನಂತರ ಶ್ರೀರಂಗಪಟ್ಟಣದ ಅಧಿಕಾರವನ್ನು ಹಿಡಿದವನ ಮೊದಲ ಬಂಡವಾಳದಲ್ಲಿ ನಿಜಾಮನ ಹಣವೂ ಇತ್ತು. ಇದೇ ಹೈದರ್ ಮುಂದೆ ನಿಜಾಮ್ ಅಲಿಗೆ ಒಮ್ಮೆ ಮಿತ್ರ, ಒಮ್ಮೆ ಶತ್ರುವಾದ.

ಎರಡು ತಿಂಗಳ ಸುಬೇದಾರ

ಮುಜಫ್ಫರ್ ಜಂಗ್‌ನ ಪಟ್ಟದ ವೈಭವ ಪುದುಚೇರಿಯಲ್ಲಿ ನಡೆಯಿತು. ಡ್ಯೂಪ್ಲೆ ಮೊಗಲ್ ಉಡುಪು ತೊಟ್ಟು ದರ್ಬಾರಿನಲ್ಲಿ ಕುಳಿತ. ಕೃಷ್ಣೆಯ ದಕ್ಷಿಣದ ನಾಡಿಗೆಲ್ಲ ಮೇಲ್ವಿಚಾರಕ ಎಂಬ ಪದವಿಯನ್ನೂ ಜಹಗೀರನ್ನೂ ಪಡೆದ. ರಾಮದಾಸ ಪಂಡಿತ ರಾಜಾ ರಘುನಾಥದಾಸನೆಂಬ ಬಿರುದಿನೊಡನೆ ದಿವಾನನಾದ. ಪಠಾಣ ನವಾಬರಿಗೆ ಮಾತ್ರ ಸಮಾಧಾನವಾಗಲಿಲ್ಲ. ಮೂರು ವರ್ಷದ ಬಾಕಿ ಮನ್ನಾ, ಮುಂದೆ ಪೇಶ್ಕಷ್ ಇಲ್ಲ, ಖಜಾನೆಯಲ್ಲಿ ಅರ್ಧಪಾಲು ಎಂಬ ಅವರ ಬೇಡಿಕೆಯನ್ನು ಡ್ಯೂಪ್ಲೆ ಕುಗ್ಗಿಸಿ ಒಪ್ಪಿಸಿದ. ಕೊಲೆಯ ಕೂಲಿ ಪೂರ್ತಿ ಸಂದಾಯವಾಗಲಿಲ್ಲ ಎಂಬ ಅಸಮಾಧಾನ ಅವರ ಜೊತೆಯಲ್ಲೇ ಹೊರಟಿತು.

1751ರ ಜನವರಿಯಲ್ಲಿ ಹೊಸ ಸುಬೇದಾರ ಬುಸ್ಸಿಯ ಕೈಕೆಳಗಿನ ಸುಮಾರು ಮುನ್ನೂರು ಫ್ರೆಂಚರು, ಎರಡು ಸಾವಿರ ಸಿಪಾಯಿಗಳೊಡನೆ ಉತ್ತರಕ್ಕೆ ಹೊರಟ. ಫೆಬ್ರವರಿಯಲ್ಲಿ ಕಡಪದ ಸೀಮೆಯ ರಾಯಚೋಟಿಗೆ ಹತ್ತಿರದ ಲಕ್ಕಿರೆಡ್ಡಿಪಲ್ಲಿಯಲ್ಲಿ ನವಾಬರು ಕಣಿವೆ ಕಟ್ಟಿ ಎದುರುನಿಂತರು. ಬುಸ್ಸಿಯ ತೋಪುಗಳು ಅವರನ್ನು ಚದುರಿಸಿದವು. ಸವಣೂರಿನ ನವಾಬ ಅಲ್ಲೇ ಸತ್ತ, ಕಡಪದವನು ಗಾಯಗೊಂಡು ಓಡಿದ. ಕರ್ನೂಲಿನ ನವಾಬನನ್ನು ಅಟ್ಟಿಸಿಕೊಂಡು ಹೋದ ಮುಜಫ್ಫರ್ ಜಂಗ್ ತನ್ನ ಪಡೆಯಿಂದ ಬಹಳ ಮುಂದೆ ಸಾಗಿದ್ದ. ಇಬ್ಬರ ಆನೆಗಳೂ ಮುಖಾಮುಖಿಯಾದಾಗ ನವಾಬ ತಿವಿದ ಈಟಿ ಅವನ ತಲೆಗೆ ನಾಟಿತು. ಮರುಕ್ಷಣವೇ ನವಾಬನೂ ತುಂಡಾದ.

ಸೆರೆಯಿಂದ ಸಿಂಹಾಸನಕ್ಕೆ

ಗೆದ್ದ ಸೈನ್ಯಕ್ಕೆ ಒಡೆಯನಿಲ್ಲದ ಸ್ಥಿತಿ. ಸೈನಿಕರ ಸಂಬಳ ಬಾಕಿ. ಸಂಜೆಯೊಳಗೆ ಯಾರನ್ನಾದರೂ ನಿಲ್ಲಿಸದಿದ್ದರೆ ಪಾಳೆಯವೇ ಒಡೆದುಹೋಗುವ ಹಾಗಿತ್ತು. ಮುಜಫ್ಫರ್ ಜಂಗ್‌ನ ಮಗ ಎಳೆಯ ಕೂಸು. ಆಸಫ್ ಜಾನ ಮೂವರು ಮಕ್ಕಳಾದ ಸಲಾಬತ್ ಜಂಗ್, ನಿಜಾಮ್ ಅಲಿ, ಬಸಾಲತ್ ಜಂಗ್ ಅದೇ ಪಾಳೆಯದಲ್ಲಿ ಕಾವಲಿನಲ್ಲಿದ್ದರು. ಬುಸ್ಸಿ ಮತ್ತು ರಘುನಾಥದಾಸ ಕೂಡಿ ಅವರಲ್ಲಿ ಹಿರಿಯನನ್ನು ಹೊರತಂದು ಸುಬೇದಾರನೆಂದು ಸಾರಿದರು.

ರೋಮಿನ ಇತಿಹಾಸ ಓದಿದವರಿಗೆ ಇಲ್ಲಿ ಕ್ಲಾಡಿಯಸ್ ನೆನಪಾಗುತ್ತಾನೆ. ಕ್ರಿ.ಶ. 41ರ ಜನವರಿ 24ರಂದು ಅರಮನೆಯ ಕಾವಲುಪಡೆಯ ಅಧಿಕಾರಿ ಕ್ಯಾಸಿಯಸ್ ಕೀರಿಯಾ ಮತ್ತು ಅವನ ಸಂಗಡಿಗರು ಚಕ್ರವರ್ತಿ ಕ್ಯಾಲಿಗುಲಾನನ್ನು ಕೊಂದರು. ಹೆದರಿ ಪರದೆಯ ಹಿಂದೆ ಅಡಗಿದ್ದ ಅವನ ಚಿಕ್ಕಪ್ಪ ಕ್ಲಾಡಿಯಸ್‌ನನ್ನು ಒಬ್ಬ ಸೈನಿಕ ಹೊರಗೆಳೆದ. ಕಾವಲುಪಡೆ ಅವನನ್ನೇ ಚಕ್ರವರ್ತಿ ಎಂದು ಘೋಷಿಸಿತು. 193ರಲ್ಲಂತೂ ಅದೇ ಕಾವಲುಪಡೆ ಪರ್ಟಿನಾಕ್ಸ್‌ನನ್ನು ಕೊಂದು, ಹೆಚ್ಚು ಬಕ್ಷೀಸು ಕೂಗಿದ ಡಿಡಿಯಸ್ ಜೂಲಿಯಾನಸ್‌ಗೆ ಸಾಮ್ರಾಜ್ಯವನ್ನೇ ಹರಾಜು ಹಾಕಿತು. ರೋಮಿನಲ್ಲೂ ಚಕ್ರವರ್ತಿಯ ಪದವಿ ಕಾನೂನಿನ ಪ್ರಕಾರ ವಂಶಪಾರಂಪರ್ಯದ್ದಲ್ಲ, ಸೆನೆಟ್ ಕೊಡುವ ಅಧಿಕಾರಗಳ ಒಟ್ಟು. ಮಾತಿನಲ್ಲಿ ನೇಮಕ, ನಡೆಯಲ್ಲಿ ವಂಶ, ತೀರ್ಮಾನ ಸೈನಿಕರದ್ದು ಎಂಬ ಇಕ್ಕಟ್ಟು ಎರಡೂ ಕಡೆ ಒಂದೇ. ದಖನ್ನಿನಲ್ಲಿ ಹೊಸದಾಗಿ ಸೇರಿದ್ದು ಹೊರಗಿನ ವ್ಯಾಪಾರಿ ಕಂಪನಿ. ರೋಮಿನ ಕಾವಲುಪಡೆ ರೋಮಿನದೇ. ಬುಸ್ಸಿಯ ಪಡೆ ಪುದುಚೇರಿಗೆ ಲೆಕ್ಕ ಒಪ್ಪಿಸಬೇಕಾದದ್ದು.

ಕನ್ನಡನಾಡಿಗೂ ಇಂಥದು ಹೊಸತಾಗಿರಲಿಲ್ಲ. 1378ರಲ್ಲಿ ಬಹಮನಿ ಸುಲ್ತಾನ ಮುಜಾಹಿದ್ ಶಹನನ್ನು ಚಿಕ್ಕಪ್ಪ ದಾವೂದ್ ಕೊಲ್ಲಿಸಿದ. ಮುಜಾಹಿದನ ಸಹೋದರಿ ರೂಹ್ ಪರ್ವರ್ ಆಗಾ ಹೂಡಿದ ಸಂಚಿಗೆ ದಾವೂದ್ ಅದೇ ವರ್ಷ ಕಲಬುರಗಿಯ ಮಸೀದಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಬಲಿಯಾದ. 1614ರಲ್ಲಿ ವಿಜಯನಗರದ ವೆಂಕಟಪತಿರಾಯ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಶ್ರೀರಂಗನನ್ನು ಜಗ್ಗರಾಯ ಕುಟುಂಬದೊಡನೆ ಕೊಲ್ಲಿಸಿದ್ದು ಇನ್ನೊಂದು. ಆದರೆ ಇವೆರಡರಲ್ಲೂ ಸಂಚು, ಸೇಡು ಎಲ್ಲ ಒಳಗಿನವರದೇ.

ಭಾಲ್ಕಿಯ ಸಂಧಿ

ಸಲಾಬತ್ ಜಂಗ್ 1751ರ ಏಪ್ರಿಲಿನಲ್ಲಿ ಹೈದರಾಬಾದನ್ನು ಹೊಕ್ಕ. ಆಗ ದೆಹಲಿಯಲ್ಲಿದ್ದ ಘಾಜಿಯುದ್ದೀನ್ ಹಿರಿಯ ಮಗನ ಹಕ್ಕು ಎತ್ತಿ ಫರ್ಮಾನು ಪಡೆದ. ಪೇಶ್ವೆ ಬಾಳಾಜಿ ಬಾಜೀರಾವ್ ಅವನ ಪಕ್ಷ ವಹಿಸಿದ. ಆ ವರ್ಷದ ಕೊನೆಯಲ್ಲಿ ಚಂದ್ರಗ್ರಹಣದ ರಾತ್ರಿ ಕುಕಡಿ ಹೊಳೆಯ ಬಳಿ ಗ್ರಹಣಸ್ನಾನ, ಪೂಜೆಗಳಲ್ಲಿದ್ದ ಪೇಶ್ವೆಯ ಪಾಳೆಯದ ಮೇಲೆ ಬುಸ್ಸಿ ಎರಗಿದ. ಗೆಲುವು ಸಿಕ್ಕರೂ ಸಂಬಳಕ್ಕೆ ಹಣ ಸಿಗಲಿಲ್ಲ. 1752ರ ಏಪ್ರಿಲಿನಲ್ಲಿ ಬಾಕಿ ಸಂಬಳಕ್ಕಾಗಿ ದಂಗೆಯೆದ್ದ ಸೈನಿಕರು ದಿವಾನ ರಘುನಾಥದಾಸನನ್ನು ಕೊಂದರು. ಒಬ್ಬ ಸುಬೇದಾರನ ಕೊಲೆಗೆ ದಾರಿ ಮಾಡಿ ಇನ್ನಿಬ್ಬರನ್ನು ಗಾದಿಗೇರಿಸಿದವನು ಹೀಗೆ ಮುಗಿದ.

ಸೆಪ್ಟೆಂಬರಿನಲ್ಲಿ ಘಾಜಿಯುದ್ದೀನ್ ಔರಂಗಾಬಾದಿಗೆ ಬಂದ. ಖಾಂದೇಶವನ್ನು ಬಿಟ್ಟುಕೊಡುವುದಾಗಿ ಮರಾಠರಿಗೆ ಮಾತು ಕೊಟ್ಟಿದ್ದ. ಅಕ್ಟೋಬರ್ 16ರಂದು ಮಲತಾಯಿ, ಅಂದರೆ ನಿಜಾಮ್ ಅಲಿಯ ತಾಯಿ, ಕೊಟ್ಟ ಅಡಿಗೆಯನ್ನು ಉಂಡು ಸತ್ತ ಎಂದು ವೃತ್ತಾಂತಗಳು ಹೇಳುತ್ತವೆ. ಪೇಶ್ವೆ ಮಾತ್ರ ಸತ್ತವನು ಕೊಟ್ಟ ಮಾತನ್ನು ಬದುಕಿದವನಿಂದ ವಸೂಲು ಮಾಡಿದ. 1752ರ ನವೆಂಬರಿನಲ್ಲಿ ಇಂದಿನ ಬೀದರ್ ಜಿಲ್ಲೆಯ ಭಾಲ್ಕಿಯಲ್ಲಿ ಆದ ಸಂಧಿಯಂತೆ ತಾಪಿ ಮತ್ತು ಗೋದಾವರಿ ನದಿಗಳ ನಡುವಿನ ಬೀರಾರಿನ ಪಶ್ಚಿಮಭಾಗ ಮರಾಠರಿಗೆ ಸಂದಿತು.

ಘಾಜಿಯುದ್ದೀನನ ಮಗ ಇಮಾದ್-ಉಲ್-ಮುಲ್ಕ್ ದೆಹಲಿಯಲ್ಲೇ ಉಳಿದು ಹದಿಹರೆಯ ದಾಟುವ ಮೊದಲೇ ವಜೀರನಾದ. 1754ರಲ್ಲಿ ಬಾದಶಹ ಅಹಮದ್ ಶಹನನ್ನು ಇಳಿಸಿ ಕಣ್ಣು ಕೀಳಿಸಿದವನೂ, 1759ರ ನವೆಂಬರಿನಲ್ಲಿ ಬಾದಶಹ ಎರಡನೆಯ ಆಲಂಗೀರನನ್ನು ಫಿರೋಜ್ ಶಹ ಕೋಟ್ಲಾದಲ್ಲಿ ಕೊಲ್ಲಿಸಿದವನೂ ಇವನೇ. ಫರ್ಮಾನು ಬರೆಯುತ್ತಿದ್ದ ಕೈಯನ್ನೇ ಆಸಫ್ ಜಾನ ಮೊಮ್ಮಗ ಕಡಿದ.

ಸವಣೂರು, ಚಾರ್ ಮಹಲ್, ಔರಂಗಾಬಾದು

ಬುಸ್ಸಿಯ ಪಡೆಯ ಖರ್ಚಿಗೆಂದು 1753ರಲ್ಲಿ ಶ್ರೀಕಾಕುಳ, ರಾಜಮಹೇಂದ್ರಿ, ಏಲೂರು, ಮುಸ್ತಫಾನಗರ ಎಂಬ ಕರಾವಳಿಯ ನಾಲ್ಕು ಸರಕಾರುಗಳು ಫ್ರೆಂಚರ ಕೈಸೇರಿದವು. ಒಡೆಯನನ್ನು ಕಾಯುವ ಪಡೆಗೆ ಒಡೆಯನ ನಾಡನ್ನೇ ಅಡವಿಡುವ ಈ ಪದ್ಧತಿಯನ್ನು ಅರ್ಧ ಶತಮಾನದ ಮೇಲೆ ಇಂಗ್ಲಿಷರು ಸಹಾಯಕ ಸೈನ್ಯ ಪದ್ಧತಿ ಎಂದು ಭಾರತಕ್ಕೆಲ್ಲ ಹಬ್ಬಿಸಿದರು.

ಇದರ ಅಪಾಯವನ್ನು ದರ್ಬಾರಿನಲ್ಲಿ ಕಂಡವನು ದಿವಾನ ಶಹನವಾಜ್ ಖಾನ್. 1756ರಲ್ಲಿ ಪೇಶ್ವೆ ಮತ್ತು ಸಲಾಬತ್ ಜಂಗ್ ಕೂಡಿ ಸವಣೂರಿಗೆ ಮುತ್ತಿಗೆ ಹಾಕಿ, ತೋಪಿನ ಹೊಡೆತಕ್ಕೆ ನವಾಬ ಮಣಿದಾಗ ಬುಸ್ಸಿಯೂ ಅಲ್ಲಿದ್ದ. ಕೆಲಸ ಮುಗಿದ ಮೇಲೆ, ಪಾಳೆಯ ಇನ್ನೂ ಆ ಸೀಮೆಯಲ್ಲಿರುವಾಗಲೇ ಶಹನವಾಜ್ ಖಾನ್ ಫ್ರೆಂಚರನ್ನು ಚಾಕರಿಯಿಂದ ತೆಗೆಸಿದ. ಬುಸ್ಸಿ ಜಗಳವಾಡದೆ ಹೊರಟು ಹೈದರಾಬಾದಿಗೆ ಬಂದು ಚಾರ್ ಮಹಲ್ ಎಂಬ ಹಳೆಯ ತೋಟದ ಅರಮನೆಯನ್ನು ಕೋಟೆ ಮಾಡಿಕೊಂಡ. ಸುಬೇದಾರನ ಸೈನ್ಯ ಅವನನ್ನು ಸುತ್ತುವರಿಯಿತು. ಮಚಲಿಪಟ್ಟಣದಿಂದ ಹೊಸ ಪಡೆ ಬಂದು ಸೇರಿದ ಆಗಸ್ಟಿನಲ್ಲಿ ಸಲಾಬತ್ ಜಂಗ್ ರಾಜಿಗೆ ಬಂದ.

ಎರಡು ವರ್ಷದ ಮೇಲೆ ಔರಂಗಾಬಾದಿನಲ್ಲಿ ಲೆಕ್ಕ ತೀರಿತು. 1758ರ ಮೇ ತಿಂಗಳಲ್ಲಿ ಬುಸ್ಸಿಯ ದಿವಾನ ಹೈದರ್ ಜಂಗ್ ನಿಜಾಮ್ ಅಲಿಯ ಡೇರೆಯಲ್ಲಿ ಕೊಲೆಯಾದ. ಅದೇ ದಿನದ ಗಲಭೆಯಲ್ಲಿ ಕಾವಲಿನಲ್ಲಿದ್ದ ಶಹನವಾಜ್ ಖಾನನನ್ನೂ ಅವನ ಮಗನನ್ನೂ ಕೊಂದು ಮನೆ ಲೂಟಿ ಮಾಡಿದರು. ಲೂಟಿಯಲ್ಲಿ ಚದುರಿದ ವಸ್ತುಗಳಲ್ಲಿ ಅವನು ವರ್ಷಗಟ್ಟಲೆ ಬರೆಯುತ್ತಿದ್ದ ‘ಮಆಸಿರ್-ಉಲ್-ಉಮರಾ’ದ ಹಸ್ತಪ್ರತಿಯೂ ಇತ್ತು. ಮೊಗಲ್ ಸಾಮ್ರಾಜ್ಯದ ಸರದಾರರ ಜೀವನಚರಿತ್ರೆಗಳ ಕೋಶವದು. ಗೆಳೆಯ ಆಜಾದ್ ಬಿಲ್‌ಗ್ರಾಮಿ ಬಹುಕಾಲ ಹುಡುಕಿ ಹಾಳೆಗಳನ್ನು ಕೂಡಿಸಿ ಮುನ್ನುಡಿ ಬರೆದ. ಮುಂದೆ ಸತ್ತವನ ಇನ್ನೊಬ್ಬ ಮಗ ಅದನ್ನು ವಿಸ್ತರಿಸಿ ಮುಗಿಸಿದ. ಆ ಕಾಲದ ಮೊಗಲ್ ಸರದಾರರ ಬಗ್ಗೆ ನಮಗೆ ತಿಳಿದಿರುವ ಬಹುಪಾಲು ಆ ಹಾಳೆಗಳಿಂದ ಬಂದದ್ದು.

ಬೀದರ್ ಕೋಟೆಯ ಸೆರೆಯಾಳು

ಮದರಾಸಿನ ಮೇಲೆ ದಂಡೆತ್ತಲು ಪುದುಚೇರಿಯ ಫ್ರೆಂಚ್ ದಳಪತಿ ಲಾಲಿ 1758ರಲ್ಲಿ ಬುಸ್ಸಿಯನ್ನು ಹಿಂದಕ್ಕೆ ಕರೆಸಿಕೊಂಡ. ಸಲಾಬತ್ ಜಂಗ್‌ಗೆ ಇದ್ದ ಆಸರೆ ಅಷ್ಟಕ್ಕೇ ಹೋಯಿತು. ಮರುವರ್ಷ ಏಪ್ರಿಲಿನಲ್ಲಿ ಇಂಗ್ಲಿಷರ ಫೋರ್ಡ್ ಮಚಲಿಪಟ್ಟಣವನ್ನು ಹಿಡಿದ. ಫ್ರೆಂಚರ ನೆರವಿಗೆಂದು ಹತ್ತಿರಕ್ಕೆ ಬಂದಿದ್ದ ಸಲಾಬತ್ ಜಂಗ್ ಮೇ ತಿಂಗಳಲ್ಲಿ ಇಂಗ್ಲಿಷರ ಜೊತೆಗೇ ಒಪ್ಪಂದ ಮಾಡಿಕೊಂಡ. 1760ರ ಫೆಬ್ರವರಿಯಲ್ಲಿ ಉದಗೀರಿನಲ್ಲಿ ಮರಾಠರಿಗೆ ಸೋತು ದೌಲತಾಬಾದ್, ಅಹಮದ್‌ನಗರ, ಬುರ್ಹಾನ್‌ಪುರ, ಬಿಜಾಪುರಗಳನ್ನು ಕಳೆದುಕೊಂಡ. ಪಾಣಿಪತ್ತಿನಲ್ಲಿ ಮರಾಠರು ನೆಲಕಚ್ಚದಿದ್ದರೆ ಉಳಿದದ್ದೂ ಹೋಗುತ್ತಿತ್ತೇನೋ.

ಅಷ್ಟರಲ್ಲಿ ದಿವಾನಗಿರಿ ನಿಜಾಮ್ ಅಲಿಯ ಕೈಗೆ ಬಂದಿತ್ತು. 1762ರ ಜುಲೈಯಲ್ಲಿ ಅಣ್ಣನನ್ನು ಇಳಿಸಿ ಬೀದರ್ ಕೋಟೆಗೆ ಕಳಿಸಿದ. ಬಹಮನಿಗಳು ಕಟ್ಟಿದ ಆ ಕೋಟೆಯ ಮುಪ್ಪೇಟಿನ ಕಂದಕ, ಮೇಲೆದ್ದ ಕೆಮ್ಮಣ್ಣುಕಲ್ಲಿನ ಗೋಡೆಗಳು ರಾಜವಂಶದವರನ್ನು ಸೆರೆಯಿಡಲು ಅನುಕೂಲವಾಗಿದ್ದವು.

ಈ ಸೆರೆಯ ನಡುವೆ ಒಂದು ವಿಚಿತ್ರ ನಡೆಯಿತು. ಏಳು ವರ್ಷಗಳ ಯುದ್ಧವನ್ನು ಮುಗಿಸಲು ಇಂಗ್ಲೆಂಡು, ಫ್ರಾನ್ಸು, ಸ್ಪೇನುಗಳು 1763ರ ಫೆಬ್ರವರಿ 10ರಂದು ಪ್ಯಾರಿಸಿನಲ್ಲಿ ಸಂಧಿಗೆ ರುಜು ಹಾಕಿದವು. ಕೆನಡಾ ಯಾರಿಗೆ, ಫ್ಲಾರಿಡಾ ಯಾರಿಗೆ ಎಂದು ತೀರ್ಮಾನಿಸಿದ ಅದೇ ಕಾಗದದ 11ನೆಯ ಕಲಮಿನಲ್ಲಿ ಮಹಮ್ಮದ್ ಅಲಿ ಕರ್ನಾಟಕದ ನ್ಯಾಯಬದ್ಧ ನವಾಬ, ಸಲಾಬತ್ ಜಂಗ್ ದಖನ್ನಿನ ನ್ಯಾಯಬದ್ಧ ಸುಬೇದಾರ ಎಂದು ಇಂಗ್ಲೆಂಡು, ಫ್ರಾನ್ಸುಗಳು ಮಾನ್ಯ ಮಾಡಿದವು. ದೆಹಲಿಯ ಬಾದಶಹ ಕೊಡಬೇಕಾದ ಪದವಿಯನ್ನು ಪ್ಯಾರಿಸಿನಲ್ಲಿ ಕೊಟ್ಟರು. ಅದು ಸಂದವನು ಏಳು ತಿಂಗಳಿಂದ ಬೀದರಿನ ಕತ್ತಲಕೋಣೆಯಲ್ಲಿದ್ದ. ಸುದ್ದಿ ಹಡಗಿನಲ್ಲಿ ಬಂದು ದಖನ್ ಮುಟ್ಟಿದ್ದೇ ಅವನ ಸಾವಿಗೆ ಕಾರಣವಾಯಿತು ಎಂಬ ಮಾತು ಇತಿಹಾಸಕಾರರಲ್ಲಿದೆ. ಐರೋಪ್ಯರು ಹೆಸರಿಟ್ಟು ಮಾನ್ಯಮಾಡಿದ ಸೆರೆಯಾಳು ನಿಜಾಮ್ ಅಲಿಗೆ ಎಷ್ಟು ಅಪಾಯಕಾರಿ ಎಂದು ಯೋಚಿಸಿದರೆ ಆ ಮಾತನ್ನು ತಳ್ಳಿಹಾಕುವುದು ಕಷ್ಟ. 1763ರ ಸೆಪ್ಟೆಂಬರಿನಲ್ಲಿ ಸಲಾಬತ್ ಜಂಗ್ ಕೋಟೆಯಲ್ಲೇ ಸತ್ತ. ಕೊಂದರೆಂದೇ ಬಹುಮಂದಿ ಬರೆದಿದ್ದಾರೆ.

ಅದಕ್ಕೆ ತಿಂಗಳ ಮುಂಚೆ, ಆಗಸ್ಟ್ 10ರಂದು, ಗೋದಾವರಿಯ ದಡದ ರಾಕ್ಷಸಭುವನದಲ್ಲಿ ತರುಣ ಪೇಶ್ವೆ ಮಾಧವರಾಯ ನಿಜಾಮ್ ಅಲಿಯ ಸೈನ್ಯವನ್ನು ಮುರಿದಿದ್ದ. ದಿವಾನ ವಿಠ್ಠಲಸುಂದರ ಅಲ್ಲೇ ಬಿದ್ದ. ಮರಾಠರ ನೆರಳಿಗೆ ತೀರ ಹತ್ತಿರವಾಗಿದ್ದ ಔರಂಗಾಬಾದನ್ನು ಬಿಟ್ಟು ರಾಜಧಾನಿಯನ್ನು ಹೈದರಾಬಾದಿಗೆ ತಂದದ್ದು ಈ ಸುಮಾರಿಗೆ. ಇಂದು ಕಾಣುವ ಹೈದರಾಬಾದಿನ ಹಿರಿಮೆ ಇಲ್ಲಿಂದ ಶುರು.

ನಂತರ

ಐದನೆಯ ಮಗ ಬಸಾಲತ್ ಜಂಗ್ ಗಾದಿಯ ಆಸೆಯನ್ನು ಪೂರ್ತಿ ಬಿಡದಿದ್ದರೂ ಜೀವ ಉಳಿಸಿಕೊಂಡ. ಆದವಾನಿ ಮತ್ತು ರಾಯಚೂರುಗಳ ಜಹಗೀರಿನಲ್ಲಿ ಅರೆಸ್ವತಂತ್ರನಾಗಿ, ಕೆಲಸ ಕಳೆದುಕೊಂಡ ಫ್ರೆಂಚ್ ಸಿಪಾಯಿಗಳನ್ನು ಚಾಕರಿಗಿಟ್ಟುಕೊಂಡು, ಒಮ್ಮೆ ಹೈದರನೊಡನೆ ಒಮ್ಮೆ ಇಂಗ್ಲಿಷರೊಡನೆ ಮಾತಾಡಿಕೊಂಡು 1782ರವರೆಗೆ ಬಾಳಿದ. ಮನೆತನದ ಆ ಪೀಳಿಗೆಯಲ್ಲಿ ಲೆಕ್ಕ ಬಲ್ಲವನು ಎಂದರೆ ಇವನೇ ಇರಬೇಕು.

ನಿಜಾಮ್ ಅಲಿ ನಲವತ್ತೊಂದು ವರ್ಷ ಆಳಿದ. ತಾನು ತಂದೆಯ ಪಾಳೆಯದಲ್ಲಿ ಕಲಿತ ಪಾಠ ಅವನ ಮನೆಯಲ್ಲೂ ಮರುಕಳಿಸಿತು: 1795ರಲ್ಲಿ ಖರ್ಡಾದಲ್ಲಿ ಮರಾಠರಿಗೆ ಸೋತು ಬಂದ ತಂದೆಯ ವಿರುದ್ಧ ಮಗ ಆಲಿ ಜಾ ಬಂಡೆದ್ದು, ಅದೇ ಬೀದರ್ ಕೋಟೆಯನ್ನು ಹಿಡಿದ. ಫ್ರೆಂಚ್ ದಳಪತಿ ರೇಮಂಡ್ ಅವನನ್ನು ಬೆನ್ನಟ್ಟಿ ಹಿಡಿದ. ಹೈದರಾಬಾದಿಗೆ ಕರೆತರುವ ದಾರಿಯಲ್ಲಿ ಅವನು ವಿಷ ಕುಡಿದು ಸತ್ತ. 1798ರಲ್ಲಿ ಇಂಗ್ಲಿಷರು ರೇಮಂಡ್ ಕಟ್ಟಿದ ಪಡೆಯನ್ನು ಗುಂಡು ಹಾರಿಸದೆ ಕರಗಿಸಿದರು. ಅದರ ಜಾಗದಲ್ಲಿ ನಿಂತ ಕಂಪನಿಯ ಪಡೆಯ ಖರ್ಚಿಗೆಂದು 1800ರ ಅಕ್ಟೋಬರಿನ ಒಪ್ಪಂದದಂತೆ ಬಳ್ಳಾರಿ, ಆದವಾನಿ, ಕಡಪಗಳ ಸೀಮೆ ಇಂಗ್ಲಿಷರಿಗೆ ಹೋಯಿತು. 1803ರ ಆಗಸ್ಟಿನಲ್ಲಿ ನಿಜಾಮ್ ಅಲಿ ತೀರಿಕೊಂಡಾಗ, ಆ ಪಡೆ ಹೈದರಾಬಾದಿನಲ್ಲಿ ಬೀಡುಬಿಟ್ಟಿರುವಂತೆಯೇ, ಮಗ ಸಿಕಂದರ್ ಜಾ ಯಾವ ಕಾದಾಟವೂ ಇಲ್ಲದೆ ಗಾದಿಗೆ ಬಂದ.